ಹನ್ನೆರಡು ಮೈಲಿ ಆಚೆ

ಸಂಬಳ ಹೆಚ್ಚು ಮಾಡಿ ಎಂದು ಕೇಳಿದ ಹನ್ನೊಂದು ಜನರಿಗೆ ಸೂರ್ಯನಾರಾಯಣ ಅವರು ಹಡಗಿನ ಟಿಕೆಟ್ಟು ಕೊಟ್ಟರು. ಶನಿವಾರ ಬೆಳಿಗ್ಗೆ ಬ್ರೂಕ್ಲಿನ್ನಿನಿಂದ ಹೊರಟು, ಯಾವ ಊರಿಗೂ ಹೋಗದೆ ಸಮುದ್ರದ ಮೇಲೆ ಸುತ್ತಿ, ಸಂಜೆ ಅದೇ ಜಾಗಕ್ಕೆ ವಾಪಸ್ಸು. ಒಳಗೆ ಕ್ಯಾಸಿನೊ. ಊಟ ಕಂಪನಿಯದು, ಜೂಜಿನ ದುಡ್ಡು ಅವರವರದು.

"ಸಂಬಳ ಜಾಸ್ತಿ ಮಾಡಿದ್ರೆ ಟ್ಯಾಕ್ಸಲ್ಲಿ ಹೋಗತ್ತೆ. ಇದಕ್ಕೆ ಟ್ಯಾಕ್ಸಿಲ್ಲ," ಎಂದರು.

ಅದು ಎರಡು ಸಾವಿರನೇ ಇಸವಿಯ ಏಪ್ರಿಲ್. ಅಮೆರಿಕದ ಐಸೆಲಿನ್ ಎಂಬ ಊರಿನಲ್ಲಿ ಒಂದು ಸೀರೆ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಸೂರ್ಯನಾರಾಯಣರ ಕಂಪನಿ. ಮೈಸೂರು, ಬೆಂಗಳೂರಿನ ಕಡೆಯ ಹುಡುಗರನ್ನು ಕರೆಸುವುದು, ದೊಡ್ಡ ಕಂಪನಿಗಳಿಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಬಿಡುವುದು, ಬಂದದ್ದರಲ್ಲಿ ಅರ್ಧ ಹುಡುಗರಿಗೆ ಕೊಡುವುದು. ಆಗ ಕೀಬೋರ್ಡಿನ ಮೇಲ್ಭಾಗ ಯಾವುದು ಎಂದು ಗೊತ್ತಿದ್ದವನಿಗೂ ಕೆಲಸ ಸಿಗುತ್ತಿತ್ತು. ಸಿಕ್ಕಿದ ಕೆಲಸ ಬಿಡುವುದು ಮಾತ್ರ ಕಷ್ಟ. ಗ್ರೀನ್ ಕಾರ್ಡ್ ಬರುವ ತನಕ ಅರ್ಜಿ ಹಾಕಿಸಿದ ಧಣಿಯ ಹತ್ತಿರವೇ ಇರಬೇಕು.

ಬದರೀನಾಥ ಹಾಗೆ ನಾಲ್ಕು ವರ್ಷದಿಂದ ಇದ್ದ. ಅವನ ಅರ್ಜಿ ಸರ್ಕಾರದ ಯಾವುದೋ ಕಪಾಟಿನಲ್ಲಿ ಒಂದೂವರೆ ವರ್ಷದಿಂದ ಕೂತಿತ್ತು. ಮನೆ ಬದಲಾಯಿಸುತ್ತಲೇ ಇರುತ್ತೇನೆ ಎಂದು ಅದರ ಮೇಲೆ ಕಂಪನಿಯ ವಿಳಾಸವನ್ನೇ ಕೊಟ್ಟಿದ್ದ. ಇತ್ತ ಮ್ಯಾನ್‌ಹ್ಯಾಟನ್ನಿನ ಒಂದು ಬ್ಯಾಂಕಿನವರು, ಗ್ರೀನ್ ಕಾರ್ಡ್ ಬಂದ ಮಾರನೇ ದಿನ ಬಂದು ಸೇರಿಕೋ, ಜೂನ್ ಕೊನೆಯವರೆಗೆ ಕಾಯುತ್ತೇವೆ ಎಂದಿದ್ದರು. ಸಂಬಳ ಹೆಚ್ಚೂಕಡಿಮೆ ಎರಡರಷ್ಟು. ಈ ಗುಟ್ಟು ವುಡ್‌ಬ್ರಿಡ್ಜಿನಲ್ಲಿ ಅವನ ಜೊತೆ ರೂಮಿನಲ್ಲಿದ್ದ ಜಗದೀಶನಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ಹಡಗಿಗೆ ಬದರಿ ತಯಾರಾಗಿಯೇ ಬಂದಿದ್ದ. ಆಫೀಸಿನ ಕಂಪ್ಯೂಟರಿನಲ್ಲಿ, ಆಫೀಸಿನ ವೇಳೆಯಲ್ಲಿ, ಇಸ್ಪೀಟಿನ ಬ್ಲ್ಯಾಕ್‌ಜಾಕ್ ಆಟದ ಪ್ರೋಗ್ರಾಂ ಬರೆದು ಎರಡು ಲಕ್ಷ ಆಟ ಆಡಿಸಿದ್ದ. ಎಷ್ಟಿದ್ದರೆ ಇನ್ನೊಂದು ಎಲೆ ಕೇಳಬೇಕು, ಎಷ್ಟಿದ್ದರೆ ಸುಮ್ಮನಿರಬೇಕು ಎಂಬುದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದ.

ಶನಿವಾರ ಆಫೀಸಿನ ಮುಂದಿನಿಂದ ಬಸ್ಸು ಹೊರಡುವ ಮುಂಚೆ, ಆಫೀಸು ನೋಡಿಕೊಳ್ಳುವ ಪದ್ಮಜಾ ಮೇಡಂ ಕೆಳಗಿಳಿದು ಬಂದು ಸೂರ್ಯನಾರಾಯಣರ ಚರ್ಮದ ಬ್ಯಾಗು ಕೊಟ್ಟರು. ಮೇಡಂಗೆ ಹಡಗು ಆಗಿಬರುತ್ತಿರಲಿಲ್ಲ, ಅವರು ಹೊರಟಿರಲಿಲ್ಲ.

"ಸಾರ್, ಮೈಸೂರುಪಾಕು ಮೇಲಿದೆ. ಅದು ಕೆಳಗಿದೆ," ಎಂದರು. ಆಮೇಲೆ ಬದರಿಯ ಕಡೆ ತಿರುಗಿ ನಕ್ಕರು. ಬದರಿ ತನ್ನ ಹೂವಿನ ಅಂಗಿ ನೋಡಿ ನಗುತ್ತಿದ್ದಾರೆ ಎಂದುಕೊಂಡ.

"ಇವತ್ತು ಒಬ್ಬರಿಗೊಂದು ಸರ್‌ಪ್ರೈಸ್ ಇದೆ," ಎಂದು ಸೂರ್ಯನಾರಾಯಣರು ಬಸ್ಸಿಗೆಲ್ಲ ಕೇಳುವಂತೆ ಹೇಳಿ, ಬ್ಯಾಗನ್ನು ತೊಡೆಯ ಮೇಲೆ ಕೂಸಿನ ಹಾಗೆ ಮಲಗಿಸಿಕೊಂಡರು.

ಹಡಗು ಹೊರಟಿತು. ಕ್ಯಾಸಿನೊ ಹಾಲಿನ ಬಾಗಿಲಿಗೆ ಕೆಂಪು ಹಗ್ಗ ಕಟ್ಟಿತ್ತು. ಒಳಗೆ ಎಲೆ ಹಂಚುವವರು ಕೈ ಕಟ್ಟಿ ನಿಂತಿದ್ದರು. ಹೊರಗೆ ಬ್ರೂಕ್ಲಿನ್ನಿನ ಅಜ್ಜಿಯರು ಚಿಲ್ಲರೆ ತುಂಬಿದ ಪ್ಲಾಸ್ಟಿಕ್ ಲೋಟ ಹಿಡಿದು, ರೇಷನ್ ಅಂಗಡಿಯ ಮುಂದೆ ಸೀಮೆಎಣ್ಣೆಗೆ ನಿಂತವರ ಹಾಗೆ ಸಾಲುಗಟ್ಟಿದ್ದರು. ದಡದಿಂದ ಹನ್ನೆರಡು ಮೈಲಿ ದಾಟುವವರೆಗೆ ಜೂಜು ಆಡುವಂತಿರಲಿಲ್ಲ. ಒಂದು ಗಂಟೆ ಹೊತ್ತು ಎಲ್ಲರೂ ಒಣ ಬ್ರೆಡ್ಡು, ಬೇಯಿಸಿದ ಗೆಣಸು ತಿಂದರು. ಆಮೇಲೆ ಗಂಟೆ ಬಾರಿಸಿ ಹಗ್ಗ ಬಿಚ್ಚಿದರು.

ಬದರಿ ಐದು ಡಾಲರಿನ ಟೇಬಲ್ಲು ಹುಡುಕಿ ಕೂತ. ಚೀಟಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. ಇಪ್ಪತ್ತು ನಿಮಿಷದಲ್ಲಿ ಅವನ ಮುಂದೆ ದುಡ್ಡಿನ ಬದಲು ಕೊಡುವ ಬಿಲ್ಲೆಗಳ ಎರಡು ಕಂಬ ಎದ್ದವು. ಧಾರವಾಡದ ಶ್ರೀಹರ್ಷ ಹಿಂದೆ ನಿಂತು ನೋಡುತ್ತಿದ್ದ. ಅವನ ದುಡ್ಡು ಹತ್ತು ನಿಮಿಷದಲ್ಲೇ ಮುಗಿದಿತ್ತು.

"ಏನ ಮಗನ, ಚೀಟಿ ನೋಡಿ ಪರೀಕ್ಷಾ ಬರದಂಗ ಆಡ್ಲಿಕ್ಕತ್ತಿಯಲ್ಲೋ," ಎಂದ.

ಆಗ ಜಗದೀಶ ಬಂದ. ಜಗದೀಶನ ಸ್ವಂತ ಗ್ರೀನ್ ಕಾರ್ಡಿನ ಅರ್ಜಿ ಇನ್ನೂ ಹಾಕಿಯೇ ಇರಲಿಲ್ಲ. ಆದರೆ ದಿನಾ ರಾತ್ರಿ ಇಂಟರ್ನೆಟ್ಟಿನಲ್ಲಿ ಊರವರ ವೀಸಾ ಕಷ್ಟಗಳನ್ನೆಲ್ಲ ಓದಿ, ಕಂಪನಿಯ ಹುಡುಗರಿಗೆಲ್ಲ ಪುಕ್ಕಟೆ ಲಾಯರ್ ಆಗಿದ್ದ. ಬದರಿಯ ಕಿವಿಯ ಹತ್ತಿರ ಬಗ್ಗಿದ.

"ಬದ್ರಿ, ಗಾಬರಿ ಆಗ್ಬೇಡ. ಅಡ್ವಾನ್ಸ್ ಪರೋಲ್ ತಂದಿದೀಯಾ?"

"ಅದ್ಯಾಕೆ?"

"ಗ್ರೀನ್ ಕಾರ್ಡ್ ಅರ್ಜಿ ಹಾಕ್ದೋರು ಆ ಕಾಗದ ಇಲ್ದೆ ದೇಶ ಬಿಟ್ಟು ಹೊರಗೆ ಹೋದ್ರೆ ಅರ್ಜಿ ಕ್ಯಾನ್ಸಲ್."

"ನಾನೆಲ್ಲೋ ದೇಶ ಬಿಟ್ಟಿದೀನಿ?"

ಜಗದೀಶ ಕಿಟಕಿಯ ಕಡೆ ನೋಡಿದ. ಬದರಿಯೂ ನೋಡಿದ. ಹೊರಗೆ ನೀರು ಬಿಟ್ಟು ಏನೂ ಇರಲಿಲ್ಲ.

"ಅಮೆರಿಕದ ಒಳಗಿದ್ರೆ ಇವರು ಜೂಜಾಡಿಸೋ ಹಾಗೇ ಇಲ್ಲ ಕಣೋ. ಹೊರಗೆ ಬಂದ್ಮೇಲೇ ತಾನೆ ಹಗ್ಗ ಬಿಚ್ಚಿದ್ದು," ಎಂದ ಜಗದೀಶ. "ಪಾಸ್‌ಪೋರ್ಟ್ ಎಲ್ಲಿದೆ?"

"ರೂಮಲ್ಲಿ. ಅಕ್ಕಿ ಡಬ್ಬದ ಹಿಂದೆ."

ಮುಂದಿನ ಮೂರು ಆಟದಲ್ಲಿ ಬದರಿಯ ಎರಡು ಕಂಬಗಳೂ ಮಲಗಿದವು. ಚೀಟಿಯಲ್ಲಿದ್ದ ಅಕ್ಷರ ಅವನಿಗೆ ಕಾಣುತ್ತಲೇ ಇರಲಿಲ್ಲ. ಎದ್ದುಹೋಗಿ ಬಿಳಿ ಸಮವಸ್ತ್ರದ ಒಬ್ಬ ಹಡಗಿನವನನ್ನು ಹಿಡಿದು, ನಾವೀಗ ಅಮೆರಿಕದಲ್ಲಿದ್ದೇವೆಯೇ ಎಂದು ಕೇಳಿದ.

"ಇಲ್ಲ ಸರ್," ಎಂದು ಅವನು ಬದರಿಯ ಭುಜ ತಟ್ಟಿದ. "ಅದಕ್ಕೇ ತಾನೆ ಎಲ್ಲರೂ ಇಲ್ಲಿಗೆ ಬರೋದು. ಮಜಾ ಮಾಡಿ."

ಹಡಗನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಲು ಆಗುತ್ತದೆಯೇ ಎಂದು ಬದರಿ ಕೇಳಿದ. ಹಡಗಿನವನು ಅದನ್ನು ತಮಾಷೆ ಎಂದುಕೊಂಡು ಇನ್ನೊಂದು ಸಲ ಭುಜ ತಟ್ಟಿ ಹೋದ.

ಸುದ್ದಿ ಉಳಿದವರಿಗೆಲ್ಲ ಹಬ್ಬಿತು. ಇಳಿಯುವಾಗ ಟಾಯ್ಲೆಟ್ಟಿನಲ್ಲಿ ಕೂತುಬಿಡು, ಎಲ್ಲ ಹೋದ ಮೇಲೆ ಬಾ ಎಂದು ಒಬ್ಬ ಹೇಳಿದ. ನಿದ್ದೆ ಹೋಗಿದ್ದೆ, ಗಡಿ ದಾಟಿದ್ದು ಗೊತ್ತಾಗಲಿಲ್ಲ ಎನ್ನು ಎಂದು ಇನ್ನೊಬ್ಬ.

"ಈಜ ಬರತೈತೇನ ನಿನಗ?" ಎಂದ ಶ್ರೀಹರ್ಷ. "ಹನ್ನೆರಡ ಮೈಲ ಅಲ್ಲೇನ. ಕತ್ತಲಾಗೂದರೊಳಗ ಮುಟ್ಟತಿ."

"ಸುಮ್ನಿರೋ. ಅವನ ಹೊಟ್ಟೆ ಉರೀತಿದೆ," ಎಂದು ಹೊತ್ತಿಸಿದ ಜಗದೀಶನೇ ಗದರಿದ. "ಬದ್ರಿ, ಸೂರ್ಯನಾರಾಯಣ್ ಸಾರ್‌ಗೆ ಹೇಳು. ಅರ್ಜಿ ಅವರದು. ಅವರು ಮನಸ್ಸು ಮಾಡಿದ್ರೆ ಲಾಯರ್ ಏನಾದ್ರೂ ಮಾಡ್ತಾನೆ."

ಸೂರ್ಯನಾರಾಯಣರು ಮೇಲಿನ ಡೆಕ್ಕಿನಲ್ಲಿ ಒಬ್ಬರೇ ಬಿಸಿಲಿಗೆ ಕೂತಿದ್ದರು. ಅವರು ಜೂಜಾಡುತ್ತಿರಲಿಲ್ಲ. ಬದರಿಯನ್ನು ನೋಡಿ ಮುಖ ಅರಳಿಸಿದರು.

"ಬಾಪ್ಪಾ, ನಿನ್ನೇ ಕರೆಯೋಣ ಅಂತಿದ್ದೆ," ಎಂದು ಬ್ಯಾಗಿನ ಜಿಪ್ಪು ಎಳೆದರು.

"ಸಾರ್, ನಾನು ಹಾಳಾಗಿಹೋದೆ," ಎಂದ ಬದರಿ. ಒಂದೇ ಉಸಿರಿಗೆ ಹೇಳಿದ. ಹನ್ನೆರಡು ಮೈಲಿ, ಪರೋಲ್ ಕಾಗದ, ಅಕ್ಕಿ ಡಬ್ಬ. ಸೂರ್ಯನಾರಾಯಣರು ಜಿಪ್ಪಿನ ಮೇಲೆ ಕೈಯಿಟ್ಟುಕೊಂಡೇ ನಗುತ್ತ ಕೇಳುತ್ತಿದ್ದರು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಬದರಿಗೆ ಬಾಯಿ ನಿಲ್ಲಲಿಲ್ಲ.

"ಬ್ಯಾಂಕಿನವರು ಜೂನ್ ತನಕ ಮಾತ್ರ ಕಾಯ್ತಾರೆ ಸಾರ್. ಕಾರ್ಡ್ ಬಂದ ತಕ್ಷಣ ಬಾ ಅಂದಿದ್ರು. ಈಗ ಅದೂ ಹೋಯ್ತು."

"ಯಾವ ಬ್ಯಾಂಕು?"

ಬದರಿ ಅದನ್ನೂ ಹೇಳಿದ.

ಸೂರ್ಯನಾರಾಯಣರು ಜಿಪ್ಪನ್ನು ನಿಧಾನವಾಗಿ ಮುಚ್ಚಿದರು.

"ಜಗದೀಶ ಹೇಳ್ತಿದಾನೆ ಅಂದ್ರೆ ಇರಬಹುದಪ್ಪ. ಅವನು ತುಂಬ ಓದ್ಕೊಂಡಿದಾನೆ," ಎಂದರು. "ನೋಡು, ಲಾಯರ್ ಖರ್ಚು, ಬೇಕಾದ್ರೆ ಹೊಸ ಅರ್ಜಿ, ಏನೇ ಬಂದ್ರೂ ಕಂಪನಿ ನೋಡ್ಕೊಳತ್ತೆ. ಆದ್ರೆ ಕಂಪನಿಗೂ ನಿನ್ನ ಮೇಲೆ ಭರವಸೆ ಬೇಕಲ್ಲ."

ಬ್ಯಾಗಿನ ಪಕ್ಕದ ಜೇಬಿನಿಂದ ಒಂದು ಬಾಂಡು ಪೇಪರು ಬಂತು. ಅಂಥವು ಅವರ ಹತ್ತಿರ ಸದಾ ಇರುತ್ತಿದ್ದವು, ಬೇರೆಯವರ ಹತ್ತಿರ ಕರ್ಚೀಫ್ ಇರುವ ಹಾಗೆ. ಇಷ್ಟು ವರ್ಷ ಕಂಪನಿ ಬಿಡುವುದಿಲ್ಲ, ಬಿಟ್ಟರೆ ಹದಿನೈದು ಸಾವಿರ ಡಾಲರ್ ದಂಡ ಕೊಡುತ್ತೇನೆ ಎಂದು ಅದರಲ್ಲಿತ್ತು. ವರ್ಷದ ಜಾಗ ಖಾಲಿ. ಸೂರ್ಯನಾರಾಯಣರು ಅಲ್ಲಿ ಎರಡು ಎಂದು ತುಂಬಲು ಹೊರಟರು.

"ಸಾರ್, ಒಂದು ಮಾಡಿ ಸಾರ್," ಎಂದ ಬದರಿ.

ಅವರು ಪೆನ್ನು ನಿಲ್ಲಿಸಿದರು. "ನೀನು ಅದೇನೋ ಪ್ರೋಗ್ರಾಂ ಬರೆದಿದೀಯಂತೆ, ಬ್ಲ್ಯಾಕ್‌ಜಾಕ್‌ಗೆ. ನಮ್ಮ ಟೈಮಲ್ಲೇ ಬರೆದೆಯಂತೆ. ಸರಿ, ಒಂದೇ ಆಟ. ನೀನು ಗೆದ್ರೆ ಒಂದು ವರ್ಷ. ಹಡಗಿನೋನು ಗೆದ್ರೆ ಎರಡು."

ಕ್ಯಾಸಿನೊದ ಟೇಬಲ್ಲಿನ ಸುತ್ತ ಉಳಿದ ಹತ್ತು ಹುಡುಗರು, ನಾಲ್ವರು ಅಜ್ಜಿಯರು ಸೇರಿದರು. ಬದರಿ ಕೊನೆಯ ಐದು ಡಾಲರಿನ ಬಿಲ್ಲೆ ಇಟ್ಟ. ಅವನಿಗೆ ಹತ್ತು ಬಂತು, ಆರು ಬಂತು. ಹದಿನಾರು. ಹಂಚುವವನ ಮುಂದೆ ತೆರೆದಿದ್ದ ಎಲೆ ಹತ್ತು. ಇಪ್ಪತ್ತೊಂದಕ್ಕೆ ಹೆಚ್ಚು ಹತ್ತಿರ ಹೋದವನು ಗೆದ್ದ, ಆದರೆ ಅದನ್ನು ದಾಟಿದರೆ ಬದರಿ ಸತ್ತ.

"ಕೇಳಬ್ಯಾಡೋ. ಕೇಳಿದ್ರ ಹೋಗ್ತಿ," ಎಂದ ಶ್ರೀಹರ್ಷ.

"ಸುಮ್ನೆ ನಿಂತ್ಕೋ," ಎಂದ ಜಗದೀಶ. ಅಜ್ಜಿಯೊಬ್ಬಳೂ ಬೇಡವೆಂದು ತಲೆಯಾಡಿಸಿದಳು.

ಬದರಿ ಚೀಟಿ ನೋಡಿದ. ಎರಡು ಲಕ್ಷ ಆಟ ಕೇಳು ಎನ್ನುತ್ತಿದ್ದವು. ಬೆರಳಿನಿಂದ ಬಟ್ಟೆ ತಟ್ಟಿದ. ಐದು ಬಂತು.

ಇಪ್ಪತ್ತೊಂದು. ಹಂಚುವವನು ತನ್ನ ಇನ್ನೊಂದು ಎಲೆ ತಿರುಗಿಸಿದ. ಅವನದು ಇಪ್ಪತ್ತು. ಸುಮ್ಮನೆ ನಿಂತಿದ್ದರೆ ಬದರಿ ಸೋಲುತ್ತಿದ್ದ.

ಹುಡುಗರು ಅವನನ್ನು ಎತ್ತಿಕೊಂಡು ಕುಣಿದರು. ಅವರ ಹೆಗಲಿನಿಂದ ಇಳಿದ ಮೇಲೆ ಬದರಿ ಸೂರ್ಯನಾರಾಯಣರ ಬ್ಯಾಗಿನ ಮೇಲೇ ಪೇಪರು ಇಟ್ಟು, ಒಂದು ವರ್ಷಕ್ಕೆ ಸಹಿ ಹಾಕಿದ. ಅಡಿಯಲ್ಲಿ ಏನೋ ಡಬ್ಬಿಯಿದ್ದು ಸಹಿ ಸ್ವಲ್ಪ ಸೊಟ್ಟಗಾಯಿತು.

ದಡಕ್ಕೆ ಬಂದಾಗ ಇಮಿಗ್ರೇಷನ್ನಿನವರು ಕಾಯುತ್ತಿರುತ್ತಾರೆ ಎಂದು ಅವನು ಸಾಲಿನ ಕೊನೆಗೆ ಹೋಗಿ ನಿಂತ. ಸೂರ್ಯನಾರಾಯಣರು ಹೆಗಲ ಮೇಲೆ ಕೈ ಹಾಕಿ, "ನಾನಿದೀನಿ ನಡಿ," ಎಂದರು. ಬಾಗಿಲಲ್ಲಿ ಇದ್ದದ್ದು ಟೋಪಿ ಹಾಕಿದ ಒಬ್ಬ ದಪ್ಪ ಮನುಷ್ಯ. ಅವನು ಮುಂದಿನ ಸಲಕ್ಕೆ ಅರ್ಧ ಬೆಲೆಯ ಕೂಪನ್ ಕೊಟ್ಟ. ಬದರಿಗೆ ಸೂರ್ಯನಾರಾಯಣರ ಕಾಲು ಹಿಡಿಯಬೇಕು ಎನ್ನಿಸಿತು. ಬಸ್ಸಿನಲ್ಲಿ, ಗೆದ್ದವನಿಗೆ ಮೊದಲು ಎಂದು ಅವನಿಗೇ ಮೈಸೂರುಪಾಕು ಕೊಟ್ಟರು. ತುಪ್ಪ ಸೋರುತ್ತಿತ್ತು. ಬದರಿ ಎರಡು ತಿಂದ. ಸರ್‌ಪ್ರೈಸ್ ಎಂದರೆ ಇದೇ ಎಂದು ಎಲ್ಲರೂ ತಿಳಿದರು.

ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ತಿರುಗಿಸುತ್ತಿದ್ದಾಗ ಜಗದೀಶ ಕಂಪ್ಯೂಟರಿನ ಮುಂದಿನಿಂದಲೇ ಹೇಳಿದ:

"ಬದ್ರಿ, ಬೇರೆ ದೇಶದ ಬಂದರು ಮುಟ್ಟದೆ ವಾಪಸ್ ಬಂದ್ರೆ ಹೊರಗೆ ಹೋದ ಲೆಕ್ಕಕ್ಕೇ ಬರಲ್ವಂತೆ ಕಣೋ. ನಿನ್ನ ಅರ್ಜಿಗೇನೂ ಆಗಿಲ್ಲ."

ಬದರಿ ಸೌಟು ಹಿಡಿದು ಅವನ ಹತ್ತಿರ ಹೋದ. ಹೊಡೆಯಲಿಲ್ಲ. ಸ್ವಲ್ಪ ಯೋಚಿಸಿದ ಮೇಲೆ ಸಮಾಧಾನವೂ ಆಯಿತು. ಕಾರ್ಡು ಜೂನಿನೊಳಗೆ ಬರುವಂತಿಲ್ಲ, ಅರ್ಜಿ ಹೇಗೂ ಇನ್ನೊಂದು ವರ್ಷ ಎಳೆಯುತ್ತದೆ, ಅಲ್ಲಿಯ ತನಕ ಬಾಂಡು ಇದ್ದರೇನು, ಇಲ್ಲದಿದ್ದರೇನು. ಎರಡು ವರ್ಷ ಬರೆದುಕೊಟ್ಟಿದ್ದರೆ ನಷ್ಟವಿತ್ತು. ಅದನ್ನು ಉಳಿಸಿದ್ದು ತನ್ನ ಪ್ರೋಗ್ರಾಂ.

ಸೋಮವಾರ ಬೆಳಿಗ್ಗೆ ಟೈಮ್‌ಶೀಟ್ ಕೊಡಲು ಆಫೀಸಿಗೆ ಹೋದಾಗ ಶ್ರೀಹರ್ಷ ಮೆಟ್ಟಿಲಲ್ಲೇ ಸಿಕ್ಕಿ, "ಆ ಚೀಟಿದೊಂದ ಝೆರಾಕ್ಸ್ ಕೊಡೋ. ನಮ್ಮೊಳಗ ಗೆದ್ದಾಂವ ನೀ ಒಬ್ಬನ," ಎಂದ. ಬದರಿ ಹಿಗ್ಗಿ ಮೇಲೆ ಹತ್ತಿದ.

"ಏನ್ರೀ ಬದರಿ, ಸಿಹಿ ಎಲ್ಲಿ?" ಎಂದರು ಪದ್ಮಜಾ ಮೇಡಂ.

"ಹಡಗಿನ ಸುದ್ದಿ ನಿಮಗೂ ಗೊತ್ತಾಯ್ತಾ ಮೇಡಂ?"

"ಯಾವ ಹಡಗಿನ ಸುದ್ದಿ? ನಾನೇ ಅಲ್ವೇನ್ರೀ ಸಾರ್ ಬ್ಯಾಗಲ್ಲಿ ಇಟ್ಟಿದ್ದು. ಎಲ್ಲರ ಮುಂದೆ ಹಡಗಲ್ಲೇ ಕೊಡ್ತೀನಿ ಅಂದಿದ್ರು. ಈಗ ನೋಡಿದ್ರೆ, ಮರೆತೆ, ನೀವೇ ಕೊಡಿ ಅಂತಾರೆ."

ಅವರು ಆಗಲೇ ಒಡೆದಿದ್ದ ಒಂದು ಲಕೋಟೆ ಚಾಚಿದರು. ಸರ್ಕಾರದ ಮುದ್ರೆಯಿತ್ತು. ಮೇಲೆ ಬದರೀನಾಥನ ಹೆಸರು, ಕಂಪನಿಯ ವಿಳಾಸ. ಒಳಗೆ, ನಿಮ್ಮ ಗ್ರೀನ್ ಕಾರ್ಡ್ ಮಂಜೂರಾಗಿದೆ, ಪಾಸ್‌ಪೋರ್ಟ್ ತೆಗೆದುಕೊಂಡು ನ್ಯೂವಾರ್ಕ್ ಆಫೀಸಿಗೆ ಬನ್ನಿ ಎಂದಿತ್ತು. ಹಡಗು ಹತ್ತುವುದಕ್ಕೆ ಹನ್ನೊಂದು ದಿನ ಮುಂಚಿನ ತಾರೀಖು. ಲಕೋಟೆಯ ನಡುವೆ ಅಂಗೈ ಅಗಲದ ತುಪ್ಪದ ಕಲೆಯಿತ್ತು.

ಬದರಿ ಅದನ್ನು ಹಿಡಿದು ಒಳಗಿನ ಕೋಣೆಗೆ ಹೋದ. ಸೂರ್ಯನಾರಾಯಣರು ಕಾಫಿ ಕುಡಿಯುತ್ತಿದ್ದರು.

"ಸಾರ್, ಇದು ಶನಿವಾರ ನಿಮ್ಮ ಬ್ಯಾಗಲ್ಲಿತ್ತು."

"ಇತ್ತಪ್ಪ. ನಿನಗೆ ಕೊಡೋಣ ಅಂತ ಜಿಪ್ಪು ಕೂಡ ಎಳೆದಿದ್ದೆ. ಅಷ್ಟರಲ್ಲಿ ನೀನು ಬ್ಯಾಂಕಿನ ವಿಷಯ ತೆಗೆದೆ."

ಬದರಿ ಲಕೋಟೆಯ ತುಪ್ಪದ ಕಲೆಯನ್ನು ಹೆಬ್ಬೆರಳಿನಿಂದ ಒರೆಸಿದ. ಕಣ್ಣು ತುಂಬುತ್ತಿತ್ತು.

ಸೂರ್ಯನಾರಾಯಣರು ಲೋಟ ಕೆಳಗಿಟ್ಟರು. ಅವರ ದನಿಯಲ್ಲಿ ನಿಜವಾಗಿಯೂ ನೋವಿತ್ತು.

"ನನಗೆ ಎರಡು ವರ್ಷ ಸಿಗಬೇಕಿತ್ತು, ಒಂದು ಸಿಕ್ತು. ಸೋತೋನು ನಾನೇ ಸುಮ್ನಿದೀನಿ. ಗೆದ್ದೋನು ನೀನ್ಯಾಕೆ ಅಳ್ತೀಯಪ್ಪ?"