ಹೆಂಡತಿಯ ಸಲುವಾಗಿ ದೀಕ್ಷಾಸ್ನಾನ

ನೀರಿನಲ್ಲಿ ಮುಳುಗಿ ಏಳುವುದು ಏನು ಮಹಾ ಕೆಲಸ ಎಂದುಕೊಂಡಿದ್ದೆ. ಹಿರಿಯೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರು ನಾನು. ಎಮ್ಮೆಗಳು ದಿನಾ ಮಾಡುವ ಕೆಲಸ ನನ್ನಿಂದ ಆಗದೇ?

ವಿಷಯ ಇಷ್ಟು. ನನ್ನ ಹೆಂಡತಿ ಸುಗುಣ ಬ್ಯಾಪ್ಟಿಸ್ಟ್ ಸಭೆಯವಳು. ನಾನು ಹುಟ್ಟಿದ ಸಭೆಯಲ್ಲಿ ಕೂಸುಗಳ ತಲೆಗೆ ನೀರು ಚಿಮುಕಿಸುತ್ತಾರೆ. ನನಗೂ ಚಿಮುಕಿಸಿದ್ದರಂತೆ, ನಾನು ಜೋರಾಗಿ ಅತ್ತೆನಂತೆ. ಸುಗುಣಳ ಸಭೆಯವರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬುದ್ಧಿ ಬಂದ ಮೇಲೆ ತಾನೇ ನಂಬಬೇಕು, ನಂಬಿದ್ದನ್ನು ಎಲ್ಲರ ಮುಂದೆ ಹೇಳಬೇಕು, ಆಮೇಲೆ ಪೂರ್ತಿ ಮುಳುಗಬೇಕು; ಅದೇ ದೀಕ್ಷಾಸ್ನಾನ. ಮುಳುಗುವುದೆಂದರೆ ಹಳೇ ಬಾಳನ್ನು ಹೂಳುವುದು, ಏಳುವುದೆಂದರೆ ಹೊಸ ಬಾಳಿಗೆ ಎದ್ದು ಬರುವುದು. ಇದನ್ನು ಮದುವೆಯಾದಾಗಿನಿಂದ ಕೇಳಿದ್ದೆ. “ನೋಡಾಣ” ಎಂದು ತಳ್ಳುತ್ತಲೂ ಬಂದಿದ್ದೆ.

ತೊಂಬತ್ತರ ದಶಕದ ಕೊನೆಯಲ್ಲಿ ಅವಳ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಚಿತ್ರದುರ್ಗದ ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು ಮೆಲ್ಲಗೆ ಮಾತಾಡಿದರು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಹೇಳಿದೆ: “ಲೇ ಸುಗುಣಾ, ನಾನೂ ದೀಕ್ಷಾಸ್ನಾನ ತಗಂತೀನಿ.”

ಅವಳು ಕಿಟಕಿಯಿಂದ ಮುಖ ತಿರುಗಿಸಿದಳು. “ಡಾಕ್ಟ್ರು ಅಷ್ಟು ಕೆಟ್ಟದಾಗಿ ಹೇಳಿದ್ರಾ?”

ನಾನು ಟಿಕೆಟ್ ಹುಡುಕುವವನಂತೆ ಜೇಬು ತಡಕಿದೆ.

ಅವಳ ಸಭೆಯ ಪಾಸ್ಟರ್ ನಮ್ಮ ಮನೆಗೆ ಬಂದು ಕೇಳಿದ್ದಕ್ಕೆಲ್ಲ ಬಾಯಿಪಾಠ ಒಪ್ಪಿಸಿದೆ. ಮುಂದಿನ ಭಾನುವಾರ ಸಭೆಯವರೆಲ್ಲ ಮಾರಿಕಣಿವೆ ಅಣೆಕಟ್ಟಿನ ಹಿನ್ನೀರಿನ ದಡದಲ್ಲಿ ಸೇರಿದರು. ಸುಗುಣ ಶಾಲು ಹೊದ್ದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದಳು.

“ಬರ್ರಿ ಮೇಷ್ಟ್ರೇ, ಸೊಂಟದ ಮಟ್ಟ ಐತೆ ಅಷ್ಟೆ,” ಎಂದರು ನೀರಿನಲ್ಲಿ ನಿಂತಿದ್ದ ಪಾಸ್ಟರ್.

ಇಳಿದೆ. ನನ್ನ ಬಿಳಿ ಪಂಚೆ ಗಾಳಿ ತುಂಬಿಕೊಂಡು ಕೊಡೆಯಂತೆ ಅರಳಿ ತೇಲಿತು. ಒಂದು ಕೈಯಲ್ಲಿ ಮಾನ, ಇನ್ನೊಂದರಲ್ಲಿ ಪಾಸ್ಟರರ ಭುಜ ಹಿಡಿದುಕೊಂಡೆ.

“ಯೇಸುವನ್ನ ನಿಮ್ಮ ಸ್ವಂತ ಮನಸ್ಸಿಂದ ನಂಬಿದೀರಾ?”

ಬಾಯಿಪಾಠ ಸಿದ್ಧವಿತ್ತು. ಆದರೆ ದಡದಲ್ಲಿದ್ದ ಅವಳ ಮುಖ ನೋಡಿಬಿಟ್ಟೆ. ಬಣ್ಣವೇ ಇಲ್ಲದ ಮುಖ. “ಅವಳಿಗೋಸ್ಕರ,” ಎಂದೆ.

ಪಾಸ್ಟರ್ ದನಿ ತಗ್ಗಿಸಿದರು. “ಹಂಗಾಗಲ್ಲ ಮೇಷ್ಟ್ರೇ. ಒಬ್ರ ನಂಬಿಕೆ ಇನ್ನೊಬ್ರಿಗೆ ಬರಲ್ಲ. ಹೆಂಡ್ತಿದು ಗಂಡಂಗೂ ಬರಲ್ಲ.”

“ಈಗ ಮುಳುಗಿಸಿಬಿಡ್ರಿ, ನಂಬಿಕೆ ಆಮೇಲೆ ನೋಡ್ಕಳಾಣ.”

“ನಂಬಿಕೆ ಮೊದಲು. ಇಲ್ಲಾಂದ್ರೆ ಇದು ಬರೀ ನೀರು.”

ನನ್ನನ್ನು ಮೆಲ್ಲಗೆ ದಡದ ಕಡೆ ತಿರುಗಿಸಿದರು. ನಾನು ಗಾಂಭೀರ್ಯದಿಂದಲೇ ಹೆಜ್ಜೆ ಇಟ್ಟೆ. ಪಂಚೆ ಕಾಲಿಗೆ ಸುತ್ತಿಕೊಂಡಿತು. ಬೆನ್ನ ಮೇಲೆ ಬಿದ್ದು, ತಲೆಯಿಂದ ಕಾಲಿನವರೆಗೆ, ಯಾವ ಸಭೆಯೂ ತಪ್ಪು ಹುಡುಕಲಾಗದಂತೆ ಮುಳುಗಿಹೋದೆ.

ಪಾಸ್ಟರ್ ಎಳೆದೆತ್ತುವಷ್ಟರಲ್ಲಿ ದಡದವರು ಹಲ್ಲೆಲೂಯ ಎಂದು ಹಾಡತೊಡಗಿದ್ದರು. ಒಬ್ಬ ಅಜ್ಜಿ ಕಣ್ಣೀರಿಟ್ಟು ನನ್ನ ಕೈ ಕುಲುಕಿದಳು. ಕೊನೆಗೆ ಪಾಸ್ಟರ್ ಕೈ ಎತ್ತಿ ಹೇಳಬೇಕಾಯಿತು: “ಇಲ್ಲ, ಇಲ್ಲ. ಮೇಷ್ಟ್ರು ಜಾರಿ ಬಿದ್ರು ಅಷ್ಟೆ.”

ಸುಗುಣ ನಕ್ಕಳು. ನೋವಿಗೆ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಅವಳ ನಗು ಕೇಳಿ ಎಷ್ಟೋ ತಿಂಗಳಾಗಿತ್ತು. ನಾನು ಮೂಗಿನಿಂದ ನೀರು ಸೀನುತ್ತ ನೋಡುತ್ತ ನಿಂತೆ.

ಮನೆಗೆ ಬಂದ ಮೇಲೆ ಹೇಳಿದಳು: “ಸುಳ್ಳು ಹೇಳ್ಲಿಲ್ವಲ್ಲ, ಬಿಡ್ರಿ.”

“ನನಗೆ ದೀಕ್ಷೆ ಆಗ್ಲಿಲ್ವಲ್ಲೇ. ಮುಂದೆ ನನ್ನ ಗತಿ?”

“ನೀರು ಯಾರನ್ನೂ ಕಾಯಲ್ಲ ರೀ. ಕಾಯೋನು ಬೇರೆ ಅವನೆ.” ನನ್ನ ಒದ್ದೆ ತಲೆ ಸವರಿದಳು. “ಹೊತ್ತಿಗೆ ಸರಿಯಾಗಿ ಊಟ ಮಾಡ್ರಿ.”

ಆ ವರ್ಷದ ಬೇಸಿಗೆ ಕಳೆಯುವಷ್ಟರಲ್ಲಿ ಅವಳು ಹೋದಳು.

ಈಗಲೂ ಭಾನುವಾರ ಅವಳ ಸಭೆಗೇ ಹೋಗುತ್ತೇನೆ. ಯೇಸುವಿನ ನೆನಪಿಗೆ ರೊಟ್ಟಿ ಹಂಚುವ ಕರ್ತನ ಭೋಜನದ ದಿನ ತಟ್ಟೆ ಸಾಲಾಗಿ ಬರುತ್ತದೆ. ದೀಕ್ಷಾಸ್ನಾನ ಆದವರು ಒಂದೊಂದು ಚೂರು ತೆಗೆದುಕೊಳ್ಳುತ್ತಾರೆ. ನಾನು ಪಕ್ಕದವರಿಗೆ ದಾಟಿಸುತ್ತೇನೆ. ಒಂದು ದಿನ ಪಾಸ್ಟರರನ್ನು ಕೇಳಿದೆ: “ಅವಳನ್ನ ಇನ್ನೊಂದ್ಸಲ ನೋಡ್ಬೇಕು ಅನ್ಸುತ್ತೆ. ಇದು ನಂಬಿಕೆನಾ?”

ಅವರು ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. “ಪೂರ್ತಿ ಅಲ್ಲ ಮೇಷ್ಟ್ರೇ. ಅಲ್ಲಿಂದ ಶುರು ಮಾಡಾಣ.”

ಶುರು ಮಾಡಿ ವರ್ಷಗಳೇ ಆದವು. ನನ್ನ ನಂತರ ಸಭೆಗೆ ಬಂದವರೆಲ್ಲ ಮುಳುಗಿ ಎದ್ದರು. ಅವರಿಗೆ ಟವೆಲ್ ಹಿಡಿದು ದಡದಲ್ಲಿ ನಿಲ್ಲುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದನ್ನು ಮಾತ್ರ ಮೇಷ್ಟ್ರು ಬಹಳ ಚೆನ್ನಾಗಿ ಮಾಡುತ್ತಾರೆ ಎಂದು ಸಭೆಯಲ್ಲಿ ಒಳ್ಳೆಯ ಹೆಸರಿದೆ.