ಬಾಗಿಲಿರುವ ದೋಣಿ

ಕಳೆದ ವರ್ಷ ದೀಪಾವಳಿ ಮುಗಿದ ಮರುದಿನ ಬೆಳಿಗ್ಗೆ ಆದಿಉಡುಪಿಯ ಒಂದು ಗುಜರಿ ಅಂಗಡಿಯಲ್ಲಿ ನನ್ನ ಭಾವ ದೋಣಿಯೊಂದನ್ನು ತಕ್ಕಡಿಗೆ ಹಾಕಿಸಿ, ತೂಕದ ಲೆಕ್ಕದಲ್ಲಿ ಕೊಂಡು ತಂದರು. ದೋಣಿ ಕೊಂಡವರು ನಮ್ಮ ಕರಾವಳಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಬಂಗುಡೆ ಮೀನಿನ ಹಾಗೆ ದೋಣಿಯನ್ನು ತೂಗಿಸಿ ಕೊಂಡವರು, ನನಗೆ ಗೊತ್ತಿರುವ ಮಟ್ಟಿಗೆ, ಇವರೊಬ್ಬರೇ.

ಭಾವನಿಗೆ ಈಜು ಬಾರದು. ಹುಟ್ಟು ಹಿಡಿದು ಗೊತ್ತಿಲ್ಲ. ಗಾಳಿ ಯಾವ ಕಡೆಯಿಂದ ಎಂದು ಕೇಳಿದರೆ ಫ್ಯಾನ್ ನೋಡುತ್ತಾರೆ. ಇಷ್ಟು ಬಿಟ್ಟರೆ ದೋಣಿಯ ಯಜಮಾನನಾಗಲು ಅವರಲ್ಲಿ ಯಾವ ಕೊರತೆಯೂ ಇಲ್ಲ.

ಅವರ ಊರು ಒಳನಾಡಿನ ಹಿರಿಯಡ್ಕ. ಅಲ್ಲಿ ಅವರ ಮನೆಯವರದು ಮೀನು ಮಾರುವ ಕಸುಬು. ಅಂದರೆ ಮೂರು ತಲೆಮಾರಿನಿಂದ ಮೀನನ್ನು ಮಂಜುಗಡ್ಡೆಯ ಮೇಲೆ ಮಲಗಿದ ಭಂಗಿಯಲ್ಲಿ ಮಾತ್ರ ಕಂಡವರು. ಭಾವ ಅದನ್ನೂ ಬಿಟ್ಟು ಚಿಕ್ಕ ಪ್ರಾಯದಲ್ಲೇ ಮಸ್ಕತ್ತಿಗೆ ಹೋಗಿ ಅಲ್ಯೂಮಿನಿಯಂ ಕಿಟಕಿ ಮಾಡುವುದನ್ನು ಕಲಿತರು. ಊರಿಗೆ ಮರಳಿ ಕಾಪುವಿನಲ್ಲಿ ಅದೇ ಕೆಲಸದ ಅಂಗಡಿ ಇಟ್ಟುಕೊಂಡು, ಉಚ್ಚಿಲದ ನಮ್ಮ ಮನೆಯಲ್ಲಿ ಅಕ್ಕನ ಜೊತೆ ಇದ್ದಾರೆ. ಯಾರ ಮನೆಗೆ ಹೋದರೂ ಮೊದಲು ಕಿಟಕಿಯನ್ನು ಅತ್ತಿತ್ತ ಜಾರಿಸಿ ನೋಡುತ್ತಾರೆ, ಆಮೇಲೆ ಮನೆಯವರ ಆರೋಗ್ಯ ವಿಚಾರಿಸುತ್ತಾರೆ. ಒಮ್ಮೆ ಕಾರ್ಕಳದಲ್ಲಿ ಸಾವಿನ ಮನೆಗೆ ಹೋಗಿದ್ದೆವು. ಎಲ್ಲರೂ ತಲೆ ತಗ್ಗಿಸಿ ಕುಳಿತಿದ್ದಾಗ ಭಾವ ಎದ್ದು ಹೋಗಿ ಕಿಟಕಿಯ ಚೌಕಟ್ಟು ತಟ್ಟಿ, ತೀರಿಕೊಂಡವರ ಮಗನ ಹೆಗಲ ಮೇಲೆ ಕೈಯಿಟ್ಟು, "ಮೋಸ ಮಾಡಿದ್ದಾರೆ" ಎಂದರು. ಆ ಹುಡುಗ ಆಸ್ಪತ್ರೆಯವರ ಬಗ್ಗೆ ಹೇಳಿದ್ದೆಂದು ತಿಳಿದು ಇನ್ನಷ್ಟು ಅತ್ತ.

ಇಂಥವರಿಗೆ ದೋಣಿ ಏಕೆ? ಕಾರಣ ನನ್ನ ಅಪ್ಪ.

ಅಪ್ಪ ತಾಂಡೇಲರಾಗಿದ್ದವರು. ತಾಂಡೇಲ ಎಂದರೆ ದೋಣಿಯ ನಾಯಕ. ಬಲೆ ಎಲ್ಲಿ ಬಿಡಬೇಕು, ಯಾವಾಗ ಎಳೆಯಬೇಕು ಎಂಬುದು ಅವನ ಬಾಯಿಂದಲೇ ಬರಬೇಕು. ಕಳೆದ ವರ್ಷ ಮಳೆಗಾಲಕ್ಕೆ ಮೊದಲು ಅಪ್ಪನಿಗೆ ಲಕ್ವ ಹೊಡೆಯಿತು. ಮಾತು ಪೂರ್ತಿ ಮರಳಿತು, ಬೈಗುಳ ಅದಕ್ಕಿಂತ ಮೊದಲೇ ಮರಳಿತು, ಎಡಗಾಲು ಮಾತ್ರ ಮರಳಲಿಲ್ಲ. ಕೋಲು ಹಿಡಿದು ಎಳೆದುಕೊಂಡು ನಡೆಯುತ್ತಾರೆ. ದೋಣಿ ಹತ್ತಬೇಕಾದರೆ ಕಾಲನ್ನು ಅಂಚಿನ ಮೇಲಿಂದ ಎತ್ತಿ ಒಳಗೆ ಹಾಕಬೇಕು, ಅದು ಆಗುವುದಿಲ್ಲ. ನವರಾತ್ರಿಯ ಹೊತ್ತಿಗೆ ಊರಿನ ಹುಡುಗರು ಪ್ರೀತಿಯಿಂದಲೇ ಅವರನ್ನು ನಾಲ್ಕು ಕಡೆ ಹಿಡಿದು ಎತ್ತಿ ದೋಣಿಯಲ್ಲಿ ಕೂರಿಸಿ ಒಂದು ಸುತ್ತು ತಂದರು. ಮನೆಗೆ ಬಂದ ಅಪ್ಪ, "ಮೀನಿನ ಬುಟ್ಟಿ ಎತ್ತಿ ಹಾಕಿದ ಹಾಗೆ ಹಾಕಿದರು" ಎಂದರು. ಅದಾದ ಮೇಲೆ ದಡಕ್ಕೆ ಹೋಗುವುದನ್ನೇ ನಿಲ್ಲಿಸಿದರು. ಮನೆಯಿಂದ ಸಮುದ್ರಕ್ಕೆ ಒಂದು ಕೂಗಿನ ದೂರ.

ಆಗ ಭಾವ ಊಟದ ಹೊತ್ತಿಗೆ ಒಂದು ಘೋಷಣೆ ಮಾಡಿದರು. (ಮನೆಯಲ್ಲಿ ನಮ್ಮದು ತುಳು, ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ಬೈಗುಳಗಳನ್ನು ತಂದಿಲ್ಲ.)

"ಮಾವನಿಗೆ ಕಾಲೆತ್ತಲಿಕ್ಕೆ ಆಗುವುದಿಲ್ಲ ಅಲ್ವಾ? ಬಾಗಿಲು ಇರುವ ದೋಣಿ ಮಾಡುವ. ನಡೆದುಕೊಂಡು ಒಳಗೆ ಹೋಗಲಿ."

ಅಕ್ಕ ಬಡಿಸುವ ಸೌಟನ್ನು ಹಾಗೇ ಹಿಡಿದು ಕೇಳಿದಳು, "ಹೌದು, ನೀರು ಎಲ್ಲಿಂದ ಒಳಗೆ ಹೋಗುವುದು?"

"ನೀರನ್ನು ತಡೆಯುವ ಕೆಲಸವನ್ನೇ ನಾನು ಇಷ್ಟು ವರ್ಷ ಮಾಡಿದ್ದು."

"ಮಸ್ಕತ್ತಿನಲ್ಲಿ ಎಷ್ಟು ಮಳೆ ಉಂಟು?"

ಭಾವ ಸಾರು ಹಾಕಿಸಿಕೊಂಡರು.

ಗುಜರಿಯಲ್ಲಿ ಸಿಕ್ಕಿದ್ದು ಯಾವುದೋ ಮುಚ್ಚಿದ ರೆಸಾರ್ಟಿನ ಹಳೆಯ ಅಲ್ಯೂಮಿನಿಯಂ ದೋಣಿ, ಮೀನು ಹಿಡಿಯುವಂಥದ್ದು. ಮೈತುಂಬ ನೆಗ್ಗು, ಹೊಟ್ಟೆಯಲ್ಲಿ ತೂತು. ನಮ್ಮ ಕಡೆ ಈಗ ಎಲ್ಲರದೂ ಫೈಬರ್ ದೋಣಿ. ಅಲ್ಯೂಮಿನಿಯಂ ಎಂದರೆ ಜನರಿಗೆ ನೆನಪಾಗುವುದು ಅಡುಗೆಮನೆ. ಟೆಂಪೋದ ಮೇಲೆ ದೋಣಿಯನ್ನು ಮಗುಚಿ ಕಟ್ಟಿ ತರುವಾಗ ಕಾಪುವಿನಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಚಹಾದವರು ಬಗ್ಗಿ ನೋಡಿ, "ಕಡಾಯಿ ಭಾರೀ ದೊಡ್ಡದುಂಟು. ಎಷ್ಟು ಸಾವಿರ ಜನಕ್ಕೆ?" ಎಂದು ವಿಚಾರಿಸಿದರು.

"ಜನಕ್ಕಲ್ಲ. ಇದರೊಳಗೆ ನಮ್ಮ ಮಾವ ಇರುವುದು" ಎಂದರು ಭಾವ.

ಚಹಾದವರು ಟೆಂಪೋದ ಕಡೆ ತಿರುಗಿ ಕೈ ಮುಗಿದರು.

ಮನೆಯಂಗಳದಲ್ಲಿ ಇಳಿಸಿದಾಗ ಅಪ್ಪ ಜಗಲಿಯಿಂದ ಒಮ್ಮೆ ನೋಡಿ, "ಪಾತ್ರೆ ಚೆನ್ನಾಗಿದೆ. ಮುಚ್ಚಳ ಎಲ್ಲಿ?" ಎಂದು ಒಳಗೆ ಹೋದರು.

ದುರಸ್ತಿ ಶುರುವಾಯಿತು. ಮರಳಿನ ಚೀಲವನ್ನು ಒತ್ತುಕೊಟ್ಟು, ಮರದ ಸುತ್ತಿಗೆಯಿಂದ ಒಳಗಿನಿಂದ ತಟ್ಟಿ ತಟ್ಟಿ ನೆಗ್ಗು ತೆಗೆದರು. ನಮ್ಮ ಬೀದಿಯಲ್ಲಿ ಮಧ್ಯಾಹ್ನದ ನಿದ್ದೆ ಎಂಬ ಪದ್ಧತಿ ಆ ತಿಂಗಳು ಇರಲಿಲ್ಲ. ತೂತು ಹುಡುಕಲು ಭಾವನದೇ ಒಂದು ವಿಧಾನ: ದೋಣಿಯನ್ನು ಇಟ್ಟಿಗೆಯ ಮೇಲೆ ಎತ್ತಿಟ್ಟು, ಒಳಗೆ ಪಂಪಿನಿಂದ ನೀರು ತುಂಬಿಸುವುದು, ಹೊರಗೆ ಎಲ್ಲಿ ಜಿನುಗುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕುವುದು. ವಿಧಾನ ಸರಿಯೇ. ಆದರೆ ನೋಡುವವರಿಗೆ ಹಾಗೆ ಕಾಣಬೇಕಲ್ಲ? ಪಕ್ಕದ ಮನೆಯ ಗಿರಿಜಕ್ಕ ಬೇಲಿಯ ಮೇಲಿಂದ ಬಹಳ ಹೊತ್ತು ನೋಡಿ ಅಕ್ಕನಿಗೆ ಹೇಳಿದರು:

"ಅಲ್ಲ ಮಾರಾಯ್ತಿ, ನಾವು ಕಂಡ ಹಾಗೆ ನೀರು ಹೊರಗೆ ಇರುವುದು, ದೋಣಿ ಮೇಲೆ ಇರುವುದು. ನಿನ್ನ ಗಂಡನಿಗೆ ಯಾರಾದರೂ ಹೇಳಿದ್ದಾರಾ?"

ಅಕ್ಕ ಒಂದು ಬಾಲ್ದಿ ಬಟ್ಟೆ ತಂದು ಅದರಲ್ಲೇ ಜಾಲಾಡಿಸಿದಳು. ನೀರು ವ್ಯರ್ಥವಾಗಬಾರದಲ್ಲ.

ತೂತುಗಳಿಗೆ ತಗಡಿನ ತೇಪೆ, ರಿವೆಟ್ಟು, ಅಂಟು ಬಿದ್ದವು. ಅಲ್ಲಿಗೆ ನಿಲ್ಲಿಸಿದ್ದರೆ ಅದು ದೋಣಿಯಾಗಿಯೇ ಇರುತ್ತಿತ್ತು. ಭಾವ ನಿಲ್ಲಿಸಲಿಲ್ಲ. ಕುಳಿತುಕೊಳ್ಳಲು ಹಳೆಯ ವ್ಯಾನಿನ ಸೀಟು ಬಂತು. ಮೇಲೆ ಬಿಸಿಲಿಗೊಂದು ಚಪ್ಪರ, ಎದುರಿಗೆ ಜಾರುವ ಗಾಜು, ಗಾಜಿಗೆ ಸೊಳ್ಳೆ ಪರದೆ. ಬಚ್ಚಲುಮನೆಗೆ ಹಾಕುವ ಟವೆಲ್ ಸರಳು. ಕೊನೆಗೆ ಎಡಪಕ್ಕವನ್ನು ಅಳೆದು ಗೆರೆ ಎಳೆದು, ಎಲ್ಲರೂ ನೋಡುತ್ತಿದ್ದಂತೆ ಕತ್ತರಿಸಿ, ಕೀಲು, ರಬ್ಬರು, ಹಿಡಿಕೆ ಸಮೇತ ಬಾಗಿಲು ಕೂರಿಸಿದರು. ಅಷ್ಟು ಕಷ್ಟಪಟ್ಟು ತೂತು ಮುಚ್ಚಿದ ದೋಣಿಗೆ ಅಷ್ಟು ದೊಡ್ಡ ತೂತು ಮಾಡಿದವರನ್ನು ಉಚ್ಚಿಲ ಅದುವರೆಗೆ ಕಂಡಿರಲಿಲ್ಲ. ಬಾಗಿಲಿಗೆ ಬೀಗವೂ ಇತ್ತು.

"ಬೀಗ ಯಾಕೆ ಭಾವ?"

"ಕಳ್ಳರು ಬಂದರೆ?"

"ಬಾಗಿಲು ಸೊಂಟದ ಮಟ್ಟಕ್ಕಿದೆ. ಕಳ್ಳ ದಾಟಿಕೊಂಡು ಬರುವುದಿಲ್ಲವಾ?"

"ಅವನಿಗೆ ಕಾಲು ಸರಿ ಉಂಟು, ದಾಟಲಿ. ಬೀಗ ಇಲ್ಲದ ಬಾಗಿಲು ನಾನು ಮಾಡಿ ಕೊಡುವುದಿಲ್ಲ ಮಾರಾಯ. ಅಂಗಡಿಯ ಹೆಸರಿನ ಪ್ರಶ್ನೆ."

ದೋಣಿ ಸಿದ್ಧವಾಯಿತು, ಅಪ್ಪ ಆಗಲಿಲ್ಲ. ಊರಿನ ಹುಡುಗರು ದಿನಾ ಬಂದು ಬಾಗಿಲು ತೆರೆದು ಮುಚ್ಚಿ ನಗುತ್ತಿದ್ದರು. ಒಬ್ಬನಂತೂ ಹೊರಗೆ ನಿಂತು, "ಯಾರು ಉಂಟು ಒಳಗೆ?" ಎಂದು ತಟ್ಟಿದ. ಅದು ಅಪ್ಪನಿಗೆ ಕೇಳಿಸಿತು.

"ತಾಂಡೇಲನಾದವ ಬಾಗಿಲು ತೆಗೆದು ದೋಣಿ ಹತ್ತುವುದಾ? ಬಸ್ಸಾ ಅದು? ಊರು ನಗಲಿಕ್ಕೆ ಬೇರೆ ಕಾರಣ ಬೇಡ. ನಾನು ಬರುವುದಿಲ್ಲ. ಈ ವಿಷಯ ಇಲ್ಲಿಗೆ ಬಿಡಿ."

ಭಾವ ಬಿಟ್ಟರು. ದೋಣಿಯನ್ನು ಕಾಪುವಿನ ಆಚೆ, ಹೊಳೆಯ ದಡದಲ್ಲಿ ಕಲ್ಲಿನ ಕಟ್ಟೆಯಿರುವ ಒಂದು ಕಡೆ ಸಾಗಿಸಿ ಕಟ್ಟಿ ಬಂದರು. ಎರಡು ವಾರ ಮನೆಯಲ್ಲಿ ದೋಣಿ ಎಂಬ ಮಾತೇ ಇಲ್ಲ. ಒಂದು ಭಾನುವಾರ ಬೆಳಿಗ್ಗೆ ಹೊಸ ಅಂಗಿ ಹಾಕಿಕೊಂಡು ಜಗಲಿಗೆ ಬಂದರು.

"ಮಾವ, ನಾನೇ ಹೋಗಿ ಒಂದು ಸುತ್ತು ಹಾಕಿ ಬರ್ತೇನೆ."

"ಒಬ್ಬರೇ?"

"ಇವನೂ ಇದ್ದಾನೆ" ಎಂದು ನನ್ನನ್ನು ತೋರಿಸಿದರು. ನಾನು ಮಣಿಪಾಲದ ಪತ್ರಿಕೆಯೊಂದರಲ್ಲಿ ಸುದ್ದಿ ತಿದ್ದುವವ. ನನ್ನನ್ನು ಅಪ್ಪ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

"ನೀರು ಹೇಗುಂಟು ನೋಡಿದ್ದೀರಾ?"

"ಫೋನಿನಲ್ಲಿ ನೋಡಿದೆ. ಇಳಿತ ಅಂತ ಉಂಟು. ಒಳ್ಳೆಯದೇ ಆಯ್ತು, ಹೋಗಲಿಕ್ಕೆ ಸುಲಭ."

ಅಪ್ಪ ಅಳಿಯನ ಕಡೆ ತಿರುಗಿದರು. "ಹೋಗಲಿಕ್ಕೆ ಭಾರೀ ಸುಲಭ. ಹೊಳೆಬಾಯಿ ದಾಟಿಸಿ ಸೀದಾ ಮಸ್ಕತ್ತಿಗೆ ಮುಟ್ಟಿಸ್ತದೆ."

"ಟಿಕೆಟ್ ಉಳೀತಲ್ಲ ಮಾವ."

ಅಪ್ಪ ಒಳಗೆ ತಿರುಗಿ ಅಕ್ಕನಿಗೆ ಕೂಗಿ ಹೇಳಿದರು, "ನನ್ನ ಕೋಲು ಕೊಡು. ಇವರನ್ನು ಹೀಗೆ ಬಿಟ್ಟರೆ ಮಧ್ಯಾಹ್ನಕ್ಕೆ ನೀನು ಅಳ್ಲಿಕ್ಕುಂಟು."

ಭಾವನಿಗೆ ಇಳಿತದ ಅರ್ಥ ನಿಜವಾಗಿ ಗೊತ್ತಿರಲಿಲ್ಲವೋ, ಗೊತ್ತಿದ್ದೇ ಹೇಳಿದರೋ? ಈ ಕುರಿತು ಅವರ ಹೇಳಿಕೆ ಇನ್ನೂ ಲಭ್ಯವಾಗಿಲ್ಲ.

ರಿಕ್ಷಾದಲ್ಲಿ ಹೊಳೆದಡಕ್ಕೆ ಹೋದೆವು. ಅಪ್ಪ ಕಟ್ಟೆಯ ಮೇಲೆ ಕುಳಿತು ನೀರನ್ನೇ ನೋಡುತ್ತ ನಮ್ಮನ್ನು ಕಾಯಿಸಿದರು. ನೀರು ತಿರುಗಿ ಏರತೊಡಗಿದ ಮೇಲೆ, "ಈಗ" ಎಂದರು. ಭಾವ ಬೀಗ ತೆಗೆದರು, ಬಾಗಿಲು ತೆರೆದರು, ಕೈ ಮಾತ್ರ ಕೊಡಲಿಲ್ಲ. ಹೊಸ್ತಿಲು ಕಟ್ಟೆಯ ಹತ್ತಿರ ಹತ್ತಿರ ಸಮಕ್ಕಿತ್ತು. ಅಪ್ಪ ಸುತ್ತ ನೋಡಿದರು. ರಿಕ್ಷಾದವರು ಮೊಬೈಲಿನಲ್ಲಿ ಮುಳುಗಿದ್ದರು. ಕೋಲು ಮೊದಲು, ಬಲಗಾಲು ಆಮೇಲೆ, ಎಡಗಾಲನ್ನು ಎಳೆದುಕೊಂಡು, ಒಳಗೆ. ಯಾರೂ ಎತ್ತಲಿಲ್ಲ. ವ್ಯಾನಿನ ಸೀಟಿನಲ್ಲಿ ಕುಳಿತು, ಎದುರಿನ ಗಾಜನ್ನು ಪಕ್ಕಕ್ಕೆ ಜಾರಿಸಿ, "ಇದೊಂದು ಅಡ್ಡ" ಎಂದರು.

ತೆಂಗಿನಕಾಯಿ ಒಡೆದು, ಹುಟ್ಟು ನಾನು ಹಿಡಿದು, ಹೊರಟೆವು. ದೋಣಿ ತೇಲಿತು. ಇದನ್ನು ಪ್ರತ್ಯೇಕ ವಾಕ್ಯವಾಗಿ ಬರೆಯಲು ಕಾರಣವಿದೆ: ಹೊಳೆಯ ನಡುವಿಗೆ ಬರುವಷ್ಟರಲ್ಲಿ ನನ್ನ ಪಾದ ಒದ್ದೆಯಾಗಿತ್ತು. ಮೂವರ ಭಾರಕ್ಕೆ ದೋಣಿ ಒಂದು ಗೇಣು ತಗ್ಗಿತ್ತು, ಮತ್ತು ಬಾಗಿಲಿನ ಹೊಸ್ತಿಲಿನಿಂದ ಮೂರು ಸಣ್ಣ ಚಿಲುಮೆಗಳು, ಒಂದೇ ಅಂತರದಲ್ಲಿ, ಬಹಳ ಅಚ್ಚುಕಟ್ಟಾಗಿ ಒಳಗೆ ಹರಿಯುತ್ತಿದ್ದವು.

"ಇದು ಎಂತ?" ಎಂದರು ಅಪ್ಪ.

ಭಾವ ಬಗ್ಗಿ ನೋಡಿದರು. ಅಲ್ಯೂಮಿನಿಯಂ ಕಿಟಕಿ ಮಾಡುವವರು ಕೆಳಗಿನ ಪಟ್ಟಿಗೆ ಸಣ್ಣ ತೂತು ಕೊರೆಯುತ್ತಾರೆ; ಒಳಗೆ ನಿಂತ ಮಳೆನೀರು ಹೊರಗೆ ಹರಿದು ಹೋಗಲು. ಭಾವ ಜೀವಮಾನದಲ್ಲಿ ತೂತು ಕೊರೆಯದೆ ಒಂದು ಚೌಕಟ್ಟೂ ಕೊಟ್ಟವರಲ್ಲ. ಬಾಗಿಲನ್ನು ಅಂಗಡಿಯಲ್ಲಿ ಮಾಡಿ ತಂದು ಎಲ್ಲದರ ಕೊನೆಗೆ ಕೂರಿಸಿದ್ದರಿಂದ ಅಂಗಳದ ನೀರಿನ ಪರೀಕ್ಷೆಗೂ ಅದು ಸಿಕ್ಕಿರಲಿಲ್ಲ.

"ಅದು ನೀರು ಹೊರಗೆ ಹೋಗಲಿಕ್ಕೆ, ಮಾವ" ಎಂದರು ಸಣ್ಣ ದನಿಯಲ್ಲಿ.

"ನೀರಿಗೆ ಯಾರು ಹೇಳುವುದು?"

ಆಮೇಲೆ ನಡೆದದ್ದನ್ನು ನಾನು ಕಂಡಂತೆ ಬರೆಯುತ್ತೇನೆ. ಅಪ್ಪನ ದನಿ ಬದಲಾಯಿತು. ಲಕ್ವಕ್ಕೆ ಮೊದಲಿನ ದನಿ ಅದು. ಇಂಜಿನಿನ ಸದ್ದಿನ ಮೇಲಿಂದ ಕೇಳಬೇಕಾದ್ದು. "ನೀವು ಬಲಕ್ಕೆ. ಅಂಚಿಗೆ ಒರಗಿ. ಇನ್ನೂ. ಹೊಟ್ಟೆ ಇರುವುದು ಮತ್ತೆ ಯಾವುದಕ್ಕೆ?" ಭಾವ ಒರಗಿದರು, ದೋಣಿ ವಾಲಿತು, ಹೊಸ್ತಿಲು ಸ್ವಲ್ಪ ಮೇಲೆದ್ದಿತು. "ನೀನು ನೀರು ಹೊರಗೆ ಚೆಲ್ಲು. ಪೇಪರಿನಲ್ಲಿ ಹಾಕಲಿಕ್ಕೆ ಆಮೇಲೆ ಟೈಮ್ ಉಂಟು." ನಾನು ಚೆಲ್ಲಿದೆ. ಅಪ್ಪ ಹೆಗಲ ಮೇಲಿನ ಟವೆಲನ್ನು, ಅದೇ ಬೈರಾಸನ್ನು, ಮಡಚಿ ತೂತುಗಳ ಮೇಲಿಟ್ಟರು. ಎಡಗಾಲನ್ನು ಬಲಗೈಯಿಂದ ಎತ್ತಿ ಅದರ ಮೇಲೆ ಊರಿದರು. ಚಿಲುಮೆ ನಿಂತಿತು.

ಅಪ್ಪ ಆ ಕಾಲನ್ನೇ ನೋಡಿದರು.

"ಭಾರಕ್ಕಾದರೂ ಆಯಿತಲ್ಲ ಇದು" ಎಂದರು. ಎಂದವರು ನಗತೊಡಗಿದರು. ವಾಲಿದ ದೋಣಿಯಲ್ಲಿ ಅಳಿಯನ ಹೊಟ್ಟೆಯ ಕಡೆ ಕೈ ತೋರಿಸಿ, ಮಾತು ಬಾರದೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ದಡ ಮುಟ್ಟಿದ ಮೇಲೂ ಇಳಿಯಲಿಲ್ಲ. ನೀರು ಪೂರ್ತಿ ಚೆಲ್ಲಿಸಿ, ತೂತುಗಳಿಗೆ ಬಟ್ಟೆ ತುರುಕಿಸಿ, ಇನ್ನೊಂದು ಸುತ್ತು ಹೋಗಬೇಕೆಂದರು. ಹೋದೆವು.

ಮರುದಿನವೇ ಭಾವ ಮೂರು ತೂತುಗಳಿಗೂ ರಿವೆಟ್ಟು ಹೊಡೆದರು. ಈಗ ವಾರದಲ್ಲಿ ಮೂರು ನಾಲ್ಕು ಸಂಜೆ ಇಬ್ಬರೂ ಹೊಳೆಗೆ ಹೋಗುತ್ತಾರೆ. ಅಪ್ಪ ಗಾಳ ಹಾಕುತ್ತಾರೆ, ಭಾವ ಹುಟ್ಟು ಹಾಕುತ್ತಾರೆ, ಬೈಗುಳ ತಿನ್ನುತ್ತಾರೆ. ಮಂಡಿನೋವಿನ ಇನ್ನಿಬ್ಬರು ಹಳೆಯ ತಾಂಡೇಲರು ಕಳೆದ ತಿಂಗಳಿನಿಂದ ಸರದಿಯಲ್ಲಿ ಜೊತೆಗೂಡಿದ್ದಾರೆ. ಹೀಗಾಗಿ ಆ ದೋಣಿಯಲ್ಲಿ ಕೆಲವು ದಿನ ಅಪ್ಪಣೆ ಕೊಡುವವರು ಇಬ್ಬರು, ಪಾಲಿಸುವವರು ಒಬ್ಬರು.

ಮೊನ್ನೆ ನಾನು ಊರಿಗೆ ಹೋಗಿದ್ದೆ. ಇಬ್ಬರೂ ಹೊಳೆಯಿಂದ ಬಂದ ಸ್ವಲ್ಪ ಹೊತ್ತಿಗೆ ಬಾವಿಯ ಪಂಪು ಶುರುವಾಯಿತು. ಟ್ಯಾಂಕು ತುಂಬಿ ಹೊರಗೆ ಸುರಿಯುತ್ತಿದ್ದರೂ ನಿಲ್ಲಲಿಲ್ಲ. ನಾನು ಆರಿಸಲು ಹೊರಟಾಗ ಅಕ್ಕ ಕೈ ಹಿಡಿದಳು.

"ಇರಲಿ, ಆರಿಸಬೇಡ. ಅವರು ಬಾವಿಯ ಹಿಂದೆ ವಾಂತಿ ಮಾಡ್ತಾ ಇದ್ದಾರೆ. ನೀರಿಗೆ ಹೋದ ದಿನ ಎಲ್ಲ ಹೀಗೆಯೇ. ಅಪ್ಪನಿಗೆ ಕೇಳಬಾರದು ಅಂತ ಪಂಪು ಹಾಕುವುದು."

ಭಾವ ಮುಖ ಒರೆಸಿಕೊಂಡು ಜಗಲಿಗೆ ಬಂದು ಕುಳಿತರು. ಹೊಳೆ ಸಾಕಾಯಿತು, ಅಲೆ ಇಲ್ಲದ ದಿನ ನೋಡಿ ಮುಂದಿನ ವಾರ ಸಮುದ್ರಕ್ಕೇ ಹೋಗುವ ಎಂದು ಅಪ್ಪ ಹೇಳಿದರು.

"ಆಯ್ತು ಮಾವ" ಎಂದರು ಭಾವ.