ನಾಲ್ಕಕ್ಕಿಂತ ಮೇಲೆ ಹತ್ತದ ನಾಬ್

ಸ್ಕ್ರೂಡ್ರೈವರ್ ಹಿಡಿದ ಮನುಷ್ಯನಿಗೆ ಇಂಥವು ಆಗ್ತಾನೇ ಇರ್ತವೆ. ನನಗೆ ಸ್ವಲ್ಪ ಜಾಸ್ತಿ ಆಗ್ತವೆ ಅಂತ ನನ್ನ ಹೆಂಡತಿಯ ಅಭಿಪ್ರಾಯ. ಮೂವತ್ತು ವರ್ಷ ಕಾರ್ಖಾನೆಯೊಂದರ ಟೆಸ್ಟಿಂಗ್ ವಿಭಾಗದಲ್ಲಿ ಕೂತು, ಬೇರೆಯವರು ಮಾಡಿದ ಸಾಮಾನಿನಲ್ಲಿ ತಪ್ಪು ಹುಡುಕಿ ರಿಟೈರ್ ಆದವನು ನಾನು. ತಪ್ಪು ಹುಡುಕೋದು ಬೇರೆ, ಸಾಮಾನು ಮಾಡೋದು ಬೇರೆ ಅನ್ನೋದು ಬನಶಂಕರಿಯ ಮನೆಯಲ್ಲಿ ಬಂದು ಕೂತಮೇಲೆ ಗೊತ್ತಾಯ್ತು. ಈಗ ಹೇಳೋದೆಲ್ಲ ಒಂದೇ ಪೆಟ್ಟಿಗೆಯ ಕಥೆ, ನನ್ನಕ್ಕನಿಗೆ ಅಂತ ಕಟ್ಟಿದ್ದು. ನಗು ಬಂದರೆ ಧಾರಾಳವಾಗಿ ನಗಿ. ನನಗೆ ಅರ್ಧ ಮಾತ್ರ ಬರುತ್ತೆ.

ಎಡಕ್ಕೆ ತಿರುಗಿಸಿದರೆ ಮೇಲಕ್ಕೆ

ಅಕ್ಕ ಇರೋದು ಜಯನಗರದಲ್ಲಿ. ಎಪ್ಪತ್ತು ದಾಟಿದೆ. ನಲವತ್ತು ವರ್ಷದಿಂದ ಮನೆಯಲ್ಲೇ ಸಂಗೀತ ಪಾಠ ಹೇಳ್ತಾಳೆ. ಅವಳ ಶ್ರುತಿ ಐದೂವರೆ, ಒಳ್ಳೇ ಎತ್ತರದ್ದು, ಅದರ ಬಗ್ಗೆ ಅವಳಿಗೆ ಬಹಳ ಹೆಮ್ಮೆ. ಆದರೆ ಒಂದು ವರ್ಷದಿಂದ ಪಾಠದಲ್ಲಿ ಬಾಯಿಬಿಟ್ಟು ಹಾಡಿರಲಿಲ್ಲ. ಕೇಳಿದರೆ, ಎಲೆಕ್ಟ್ರಾನಿಕ್ ತಂಬೂರಿ ಕೆಟ್ಟಿದೆ, ಶ್ರುತಿ ಇಲ್ಲದೆ ಹೇಗೋ ಹಾಡೋದು ಅನ್ನೋಳು. ಫೋನಿನಲ್ಲಿ ಹಾಕಿಕೊಟ್ಟೆ. ಆಲಾಪನೆಯ ಮಧ್ಯೆ ಯಾರೋ ಫೋನ್ ಮಾಡಿ, ಗೊಟ್ಟಿಗೆರೆ ಹತ್ತಿರ ಸೈಟ್ ಬೇಕಾ ಮೇಡಂ ಅಂತಾರೆ, ಈ ಫೋನ್ ತಂಬೂರಿ ಬೇಡ ಅಂದಳು.

ಅಕ್ಕ ಮತ್ತೆ ಹಾಡಬೇಕು ಅನ್ನೋದೊಂದೇ ನನ್ನ ಆಸೆ. ಅಂಗಡಿಯಿಂದ ಹೊಸ ತಂಬೂರಿ ತಂದುಕೊಟ್ಟಿದ್ದರೆ ಮುಗೀತಿತ್ತು. ತರಲಿಲ್ಲ. ತಂಬೂರಿ ಥರ ನಾದ ಹೊರಡಿಸೋ, ಬಿಡಿಭಾಗಗಳಾಗಿ ಬರೋ ಸಿಂಥಸೈಜರ್ ಕಿಟ್ ತರಿಸಿ, ನಾನೇ ಕಟ್ಟಿಕೊಡ್ತೀನಿ ಅಂತ ಜಂಬ ಕೊಚ್ಚಿದೆ.

ಅದರಲ್ಲಿ ಶ್ರುತಿ ಏರಿಸಿ ಇಳಿಸೋಕೆ ಎನ್‌ಕೋಡರ್ ಅಂತ ಒಂದು ನಾಬ್ ಇರುತ್ತೆ. ಹಳೇ ರೇಡಿಯೋ ನಾಬ್ ಥರ ಒಂದು ಕಡೆ ಹೋಗಿ ನಿಲ್ಲಲ್ಲ, ಎಷ್ಟು ಬೇಕಾದರೂ ಸುತ್ತುತ್ತೆ. ಒಂದೊಂದು ಟಿಕ್‌ಗೂ ಶ್ರುತಿ ಒಂದೊಂದು ಹೆಜ್ಜೆ ಏರುತ್ತೆ ಇಲ್ಲ ಇಳಿಯುತ್ತೆ. ನಾನು ಎರಡು ತಂತಿ ಅದಲುಬದಲು ಬೆಸೆದಿದ್ದೆ. ಬಲಕ್ಕೆ ತಿರುಗಿಸಿದರೆ ಇಳಿಯೋದು, ಎಡಕ್ಕೆ ತಿರುಗಿಸಿದರೆ ಏರೋದು. ಬಿಚ್ಚಿ ಸರಿಮಾಡೋ ಬದಲು, ಈಗ ಎಲ್ಲಾ ಕಡೆ ಇದೇ ಹೊಸ ಪದ್ಧತಿ ಅಂತ ಅಕ್ಕನಿಗೆ ಹೇಳಿಬಿಟ್ಟೆ. ಪಾಪ, ನಂಬಿ ಒಂದು ವಾರ ಅಭ್ಯಾಸ ಮಾಡಿದಳು. ಎಂಟನೇ ದಿನ ಹಾಲಿಟ್ಟು ಗ್ಯಾಸ್ ಸಣ್ಣ ಮಾಡೋಕೆ ಹೋಗಿ ದೊಡ್ಡದು ಮಾಡಿ, ಕಟ್ಟೆ ತುಂಬ ಹಾಲು. ನನಗೆ ಫೋನ್ ಮಾಡಿ, ಒಲೆಗೆ ಹೊಸ ಪದ್ಧತಿ ಯಾವಾಗ ಮಾಡಿಕೊಡ್ತೀಯ ಅಂತ ಕೇಳಿದಳು.

ಮೂರು ಬೆರಳು ವಿಭೂತಿ

ತಂತಿ ಸರಿಮಾಡಿ ಕೊಟ್ಟೆ. ಹತ್ತು ದಿನ ನಾಬ್ ಚೆನ್ನಾಗಿತ್ತು, ಅಕ್ಕ ಮಾತ್ರ ಇನ್ನೂ ಹಾಡಿರಲಿಲ್ಲ. ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮ ಮನೆತನದಲ್ಲಿ ವಿಭೂತಿ ಇಲ್ಲದೆ ಯಾವ ಪೂಜೆಯೂ ಇಲ್ಲ. ಮಿಕ್ಸಿಗಾಯ್ತು, ಫ್ರಿಜ್ಜಿಗಾಯ್ತು, ಕೊನೆಗೆ ತಮ್ಮ ಕಟ್ಟಿದ್ದು ಅಂತ ಅಕ್ಕ ಪ್ರೀತಿಯಿಂದ ಪೆಟ್ಟಿಗೆಗೂ ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ಎಳೆದಿದ್ದಾಳೆ, ಸರಿಯಾಗಿ ನಾಬ್ ಮೇಲೆ. ಮಾರನೇ ದಿನದಿಂದ ನಾಬ್ ಜಾರೋಕೆ ಶುರು. ಐದು ಟಿಕ್ ತಿರುಗಿಸಿದರೆ ಮೂರು ಏರಿ ಎರಡು ಇಳಿಯೋದು.

ಆ ಬಿಡಿಭಾಗ ಕಿತ್ತುಕೊಂಡು, ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರೋ ಎಸ್ಪಿ ರೋಡಿಗೆ ಹೋದೆ. ಅಂಗಡಿಯವನು ಮುಚ್ಚಳ ಎಬ್ಬಿಸಿ ಗಾಜಿನ ಮೇಲೆ ಕುಟ್ಟಿದ. ಬಿಳೀ ಪುಡಿ ಉದುರಿತು. ಮೂಸಿ ನೋಡಿ ನನ್ನ ಹಣೆ ನೋಡಿದ. ಆಮೇಲೆ ಬಹಳ ಮರ್ಯಾದೆಯಿಂದ, "ಸಾರ್, ಇದನ್ನ ಚಪ್ಪಲಿ ಹಾಕ್ಕೊಂಡು ರಿಪೇರಿ ಮಾಡ್ಬಹುದಾ?" ಅಂದ.

ಎಮ್ಮೆಗೆ ಬರೆ

ಹೊಸ ಎನ್‌ಕೋಡರ್ ಹಾಕಿದೆ. ಆಗಲೂ ಜಾರಿತು. ಇನ್ನೊಂದು ಹಾಕಿದೆ. ಅದೂ ಜಾರಿತು. ಹೀಗೆ ನಾಲ್ಕಾಯ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ಆ ಎಮ್ಮೆಗೆ ನಾಲ್ಕು ಸಲ ಬರೆ ಹಾಕಿದವನು ನಾನು.

ಇತ್ತ ಅಕ್ಕ ಹಾಡೋಕೆ ಶುರು ಮಾಡಿದ್ದಳು. ನಾಬ್ ನಾಲ್ಕು ಸಲ ತಿರುಗಿಸಿ, ಶ್ರುತಿ ನಾಲ್ಕಕ್ಕೆ ಬಂದ ತಕ್ಷಣ ಕೈ ಬಿಡೋಳು. ಈ ಹಾಳು ನಾಬ್ ಇದಕ್ಕಿಂತ ಮೇಲೆ ಹತ್ತಲ್ಲ, ಏನ್ಮಾಡೋದು, ನಮ್ಮ ತಮ್ಮ ಕಟ್ಟಿದ್ದು, ಇವತ್ತಿಗೆ ನಾಲ್ಕರಲ್ಲೇ ಹಾಡಿಬಿಡೋಣ ಅಂತ ಶಿಷ್ಯರಿಗೆ ಹೇಳಿ ಎದೆತುಂಬಿ ಹಾಡೋಳು. ಪಕ್ಕದ ಮನೆಯವರು ಕಾಂಪೌಂಡ್ ಹತ್ತಿರ ನಿಂತು ಕೇಳ್ತಿದ್ದರಂತೆ. ನನ್ನ ಕಿವಿಗೆ ಬಿದ್ದಿದ್ದು ಮಾತ್ರ "ನಮ್ಮ ತಮ್ಮ ಕಟ್ಟಿದ್ದು" ಅನ್ನೋದಷ್ಟೇ.

ಒಬ್ಬಳು ಶಿಷ್ಯೆ ಹುಬ್ಬಳ್ಳಿಯವಳು, ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದಾಳೆ, ಭಾನುವಾರ ಪಾಠಕ್ಕೆ ಬರ್ತಾಳೆ. ಒಂದಿನ ಅವಳು ತಾಳ್ಮೆಯಿಂದ ತಿರುಗಿಸ್ತಾ ತಿರುಗಿಸ್ತಾ ಒಂದೇ ನಿಮಿಷದಲ್ಲಿ ಐದೂವರೆಗೆ ತಂದು ನಿಲ್ಲಿಸಿದಳು. ಅಕ್ಕ ಅವಳ ಕೈಮೇಲೆ ಒಂದೇಟು ಕೊಟ್ಟು, ಮುಟ್ಟಬೇಡ, ಕೆಡುತ್ತೆ ಅಂತ ಮತ್ತೆ ನಾಲ್ಕಕ್ಕೆ ಇಳಿಸಿದಳು. ಕೆಟ್ಟಿರೋದು ಇನ್ನೇನು ಕೆಡ್ತದ್ರೀ ಟೀಚರ್ ಅಂತ ಹುಡುಗಿ. ನಮ್ಮ ತಮ್ಮನ ವಿಷಯ ನಿನಗೆ ಗೊತ್ತಿಲ್ಲ ಅಂತ ಅಕ್ಕ.

ಅದರದೇನೂ ತಪ್ಪಿಲ್ಲ

ಕೊನೆಗೆ ಭೂತಗನ್ನಡಿ ಹಿಡಿದು ನೋಡಿದರೆ, ತಪ್ಪು ಎನ್‌ಕೋಡರಿನದಲ್ಲ. ಮೊದಲನೇದನ್ನ ಕಿತ್ತಾಗಲೇ ಅದರ ಕೆಳಗಿನ ಬೋರ್ಡಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಒಂದು ಚೂರು ತಂತಿ ಬೆಸೆದೆ. ನೂರು ಸಲ ತಿರುಗಿಸಿದೆ. ಒಂದು ಸಲವೂ ಜಾರಲಿಲ್ಲ. ಕುಣಿಯೋದೊಂದು ಬಾಕಿ.

ಭಾನುವಾರ ಎಂಟು ಜನ ಶಿಷ್ಯರ ಮುಂದೆ ಪೆಟ್ಟಿಗೆ ಇಟ್ಟು, ಟಿಕ್ ಟಿಕ್ ಅಂತ ನಾನೇ ಐದೂವರೆಗೆ ಏರಿಸಿದೆ. ಇವತ್ತು ಬೇಡ ಬಿಡೋ, ನಾಲ್ಕಕ್ಕೇ ಇಡು ಅಂದಳು ಅಕ್ಕ. ನಾಲ್ಕು ಯಾಕೆ, ನಿನ್ನ ಐದೂವರೆ ಬಂದಿದೆಯಲ್ಲ ಅಂದೆ. ಎಲ್ಲರೂ ನೋಡ್ತಿದ್ದರು. ಅಕ್ಕ ಸೆರಗು ಸರಿಮಾಡಿಕೊಂಡು ಶುರು ಮಾಡಿದಳು. ಕೆಳಗೆಲ್ಲ ಚೆನ್ನಾಗೇ ಬಂತು. ಮೇಲಿನ ಷಡ್ಜಕ್ಕೆ ಹೋದಾಗ ಗಂಟಲು ಒಡೀತು. ಇನ್ನೊಂದು ಸಲ ಎತ್ತಿಕೊಂಡಳು. ಮತ್ತೆ ಒಡೀತು.

ನಾನು ಏನು ಮಾಡಿದೆ ಗೊತ್ತಾ? ಒಂದ್ನಿಮಿಷ ಅಕ್ಕ ಅಂತ ಹೇಳಿ, ಎದ್ದು ಹೋಗಿ, ಬಗ್ಗಿ, ಪೆಟ್ಟಿಗೆ ಪರೀಕ್ಷೆ ಮಾಡಿ, ಎಲ್ಲರಿಗೂ ಕೇಳೋ ಹಾಗೆ ಹೇಳಿದೆ. "ಮೆಷಿನ್ ಸರಿ ಇದೆ ಅಕ್ಕ. ಅದರದೇನೂ ತಪ್ಪಿಲ್ಲ."

ಹೇಳಿ ನಕ್ಕೆ ಬೇರೆ. ಈ ಬಾಯಿಗೆ ಅವತ್ತು ಬೆಸುಗೆ ಹಾಕಿಕೊಳ್ಳಬೇಕಿತ್ತು.

ಕೆಡಿಸೋದೂ ಒಂದು ವಿದ್ಯೆ

ಆಮೇಲೆ ಅಕ್ಕ ಹಾಡಲಿಲ್ಲ. ಹುಡುಗಿಯರು ಹಾಡ್ತಾರೆ, ಇವಳು ತಾಳ ಹಾಕ್ತಾಳೆ. ಒಂದು ಭಾನುವಾರ ಗೇಟ್ ಹತ್ತಿರ ಆ ಹುಬ್ಬಳ್ಳಿ ಹುಡುಗಿ ನನ್ನನ್ನ ನಿಲ್ಲಿಸಿ, "ಅದು ಕೆಟ್ಟಿದ್ದಾಗ ಟೀಚರ್ ಭಾಳ ಚಲೋ ಹಾಡ್ತಿದ್ರು ನೋಡ್ರಿ ಸರ್. ನೀವ್ಯಾಕ್ ರಿಪೇರಿ ಮಾಡಾಕ ಹೋದ್ರಿ?" ಅಂದಳು. ಆಗ ಹೊಳೀತು ನನ್ನ ಮಂಡೆಗೆ. ವಯಸ್ಸಾಯ್ತು, ಶ್ರುತಿ ಇಳಿಸ್ಕೊಂಡು ಹಾಡು ಅಂತ ಅಕ್ಕನಿಗೆ ಹೇಳೋ ಧೈರ್ಯ ಯಾರಿಗಿದೆ? ಆ ಹಾಳು ನಾಬ್ ಅವಳ ಮಾನ ಉಳಿಸಿಕೊಂಡು ಬಂದಿತ್ತು. ಅದನ್ನ ನಾನು ಸರಿಮಾಡಿದ್ದೆ.

ಸರ್ವೀಸ್ ಮಾಡ್ಬೇಕು ಅಂತ ನೆವ ಹೇಳಿ ಪೆಟ್ಟಿಗೆ ಮನೆಗೆ ತಂದು, ಮತ್ತೆ ಕೆಡಿಸೋಕೆ ಕೂತೆ. ಬೆಸೆದ ತಂತಿ ಬಿಚ್ಚಿದರೆ ನಾಬ್ ಪೂರ್ತಿ ಸತ್ತುಹೋಗಿ ಶ್ರುತಿ ಒಂದರಲ್ಲೇ ನಿಲ್ಲೋದು, ಅದು ಗಂಡಸರು ಹಾಡೋ ಶ್ರುತಿ. ತಂತಿ ಹಾಕಿದರೆ ಟಿಕ್ ಟಿಕ್ ಅಂತ ಐದೂವರೆ. ಸಡಿಲವಾಗಿ ಬೆಸೆದೆ, ಅಲ್ಲಾಡಿಸಿದೆ, ಮೇಜಿನ ಮೇಲೆ ಕುಕ್ಕಿದೆ. ಹಿಂದಿನ ಥರ ಅರ್ಧಂಬರ್ಧ ಕೆಡೋದು ಮಾತ್ರ ಆಗಲೇ ಇಲ್ಲ. ಒಂದು ವಾರ ನೋಡಿ ನನ್ನ ಹೆಂಡತಿ, ನೀವು ಮುಟ್ಟಿದ್ದು ಕೆಡದೇ ಇರೋದನ್ನ ಈ ಸಂಸಾರದಲ್ಲಿ ಮೊದಲನೇ ಸಲ ನೋಡ್ತಿದೀನಿ ಅಂದಳು.

ಇನ್ನೇನು ಮಾಡೋದು, ಸುಳ್ಳು ಹೇಳೋಣ ಅಂತ ಪೆಟ್ಟಿಗೆ ಎತ್ತಿಕೊಂಡು ಹೋದೆ. ಮತ್ತೆ ಕೆಟ್ಟುಹೋಗಿದೆ ಅಕ್ಕ, ನಾಲ್ಕಕ್ಕಿಂತ ಮೇಲೆ ಹತ್ತಲ್ಲ, ಆ ಪಾರ್ಟ್ ಈಗ ಎಲ್ಲೂ ಸಿಗ್ತಿಲ್ಲ, ಇನ್ಮೇಲೆ ಇದೇ ಗತಿ ಅಂದೆ. ಅವಳ ಮುಖ ನೋಡೋಕಾಗದೆ ಗೋಡೆ ನೋಡಿಕೊಂಡು ಹೇಳಿದೆ.

ಅಕ್ಕ ಕನ್ನಡಕ ಹಾಕಿಕೊಂಡಳು. ಪೆಟ್ಟಿಗೆ ಹತ್ತಿರಕ್ಕೆ ಎಳೆದುಕೊಂಡು, ಎರಡೇ ಬೆರಳಲ್ಲಿ ನಾಬ್ ತಿರುಗಿಸಿದಳು. ನಾಲ್ಕು, ನಾಲ್ಕೂವರೆ, ಐದು, ಐದೂವರೆ. ಒಂದು ಟಿಕ್ ಆಚೀಚೆ ಆಗಲಿಲ್ಲ. ಸ್ವಲ್ಪ ಹೊತ್ತು ಆ ಶ್ರುತಿ ಕೇಳ್ತಾ ಕೂತು, ಸ್ವಿಚ್ ಆಫ್ ಮಾಡಿದಳು.

"ಜೀವಮಾನದಲ್ಲಿ ಒಂದೇ ಒಂದು ರಿಪೇರಿ ನೆಟ್ಟಗೆ ಮಾಡಿದೀಯ ಕಣೋ," ಅಂದಳು. "ಅದಕ್ಕೆ ನನ್ನ ಪೆಟ್ಟಿಗೇನೇ ಬೇಕಾಗಿತ್ತಾ?"